ಬಳ್ಳಾರಿಯಲ್ಲಿ ಕೂತು ನ್ಯೂಯಾರ್ಕಿನ ಗಡಿಯಾರ ಕಾಯುವವರು

ಈ ವರ್ಷ, ಅಂದರೆ 2026ರಲ್ಲಿ, ನವೆಂಬರ್ 1 ಭಾನುವಾರ ಬರುತ್ತದೆ. ಬಳ್ಳಾರಿಯಲ್ಲಿ ಧ್ವಜ ಏರಿಸಿ, ಭುವನೇಶ್ವರಿಯ ಮೆರವಣಿಗೆ ಡೊಳ್ಳಿನ ಸದ್ದಿನೊಂದಿಗೆ ರಾಯಲ್ ವೃತ್ತದ ಕಡೆ ಸಾಗುವ ಹೊತ್ತು ಹನ್ನೊಂದೂವರೆ ಅಂದುಕೊಳ್ಳಿ. ಅದೇ ಗಳಿಗೆಗೆ ನ್ಯೂಯಾರ್ಕಿನಲ್ಲಿ ನಡುರಾತ್ರಿ ದಾಟಿ ಎರಡು ಗಂಟೆ ಆಗಬೇಕು. ಆಗುವುದಿಲ್ಲ. 1 ಗಂಟೆ 59 ನಿಮಿಷ 59 ಸೆಕೆಂಡಿನ ಮರುಕ್ಷಣ ಅಲ್ಲಿ ಮತ್ತೆ ಒಂದು ಗಂಟೆ. ಆಗಷ್ಟೇ ಕಳೆದುಹೋದ ತಾಸು ಅದೇ ಹೆಸರು ಹೊತ್ತು ಇನ್ನೊಮ್ಮೆ ಬರುತ್ತದೆ.

ಆ ಹೊತ್ತಿನಲ್ಲಿ ಬಳ್ಳಾರಿಯ ಗಾಂಧಿನಗರದಲ್ಲೋ, ಕೊಪ್ಪಳದ ಭಾಗ್ಯನಗರದಲ್ಲೋ, ರಾಯಚೂರಿನ ನಿಜಲಿಂಗಪ್ಪ ಕಾಲೊನಿಯಲ್ಲೋ ಮಹಡಿ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬ ಹುಡುಗನೋ ಹುಡುಗಿಯೋ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಕಿವಿಯಲ್ಲಿ ತಂಡದವರೆಲ್ಲ ಒಟ್ಟಿಗೆ ಸೇರಿದ ಬ್ರಿಡ್ಜ್ ಕಾಲ್, ಕಣ್ಣೆದುರು ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ. ಹದಿನೇಳು ವರ್ಷದಿಂದ ನಾನೂ ಹಾಗೆ ಕೂರುತ್ತ ಬಂದಿದ್ದೇನೆ, ಮೊದಲು ಬೆಂಗಳೂರಿನಲ್ಲಿ, ಈಗ ಆರು ವರ್ಷದಿಂದ ಬಳ್ಳಾರಿಯ ಮನೆಯಲ್ಲಿ. ಅವ್ವ ಪ್ರತಿ ಸಲ ಕೇಳುತ್ತಾಳೆ: "ಅಲ್ಲಿ ಅವ್ರು ಗಡಿಯಾರ ಹಿಂದಕ್ ತಿರುವಿದ್ರ ಇಲ್ಲಿ ನಿನಗ್ಯಾಕ ಹಬ್ಬದ ಊಟ ತಪ್ಪತೈತಿ?"

ಇಷ್ಟು ವರ್ಷ ಅವ್ವನಿಗೆ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಪೂರ್ತಿ ಉತ್ತರ ಬರೆದಿಡಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಭಾಗದ ಕಾಲೇಜುಗಳಿಂದ ಹೊಸದಾಗಿ ಮೇನ್‌ಫ್ರೇಮ್ ಕೆಲಸಕ್ಕೆ, ಅಂದರೆ ಅಮೆರಿಕದ ಬ್ಯಾಂಕಿನಂಥವರ ಲೆಕ್ಕ ನಡೆಸುವ ದೊಡ್ಡ ಕಂಪ್ಯೂಟರ್‌ಗಳನ್ನು ಇಲ್ಲಿಂದ ಕಾಯುವ ಕೆಲಸಕ್ಕೆ, ಬರುವವರು ಪ್ರತಿ ಮಾರ್ಚ್, ಪ್ರತಿ ನವೆಂಬರ್ ಒಂದೇ ಜಾಗದಲ್ಲಿ ಎಡವುತ್ತಾರೆ. ಜಾಣತನ ಕಡಿಮೆ ಅಂತಲ್ಲ. ಗಡಿಯಾರ ತಿರುವುವ ಪದ್ಧತಿಯೇ ಇಲ್ಲದ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಹೊತ್ತು ಅನ್ನುವುದು ಎಡದಂಡೆ ಕಾಲುವೆಯ ನೀರಿನ ಹಾಗೆ, ಒಂದೇ ದಿಕ್ಕಿಗೆ ಹರಿಯುವಂಥದ್ದು. ಒಂದೂವರೆ ಆದಮೇಲೆ ಎರಡು ಬಂದೇ ಬರುತ್ತದೆ ಅನ್ನುವುದು ನಮಗೆ ಯೋಚಿಸಿ ನಂಬಿದ ಮಾತಲ್ಲ, ಉಸಿರಾಡುವಷ್ಟು ಸಹಜ. ಹಾಗಿರುವಾಗ ನಾವು ಬರೆಯುವ, ತಿದ್ದುವ, ಕಾಯುವ ಪ್ರೋಗ್ರಾಮುಗಳಲ್ಲೂ ಆ ನಂಬಿಕೆ ನಮಗೆ ಗೊತ್ತಿಲ್ಲದೆ ಸೇರಿಕೊಳ್ಳುತ್ತದೆ. ಅದು ತಪ್ಪು ಅಂತ ತಿಳಿಯುವುದು ವರ್ಷಕ್ಕೆ ಎರಡೇ ದಿನ.

ಬಳ್ಳಾರಿ ಇರುವುದು ಹೆಚ್ಚುಕಡಿಮೆ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ನಮ್ಮ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆ. ನ್ಯೂಯಾರ್ಕಿನಲ್ಲಿ ಅದೇ ಲೆಕ್ಕ 15ರಿಂದ ಒಂಬತ್ತೂಕಾಲಕ್ಕೆ ಇಳಿಯುತ್ತದೆ. ಲಂಡನ್ನಿನಲ್ಲಿ ಇನ್ನೂ ಹೆಚ್ಚು: ಬೇಸಿಗೆಯ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ್ದು 8 ಗಂಟೆಯೂ ಇಲ್ಲ. ಬೇಸಿಗೆಯಲ್ಲಿ ಜನ ಏಳುವ ಮೊದಲೇ ಬೆಳಗಾಗಿ ಸುಮ್ಮನೆ ಕಳೆದುಹೋಗುವ ಬೆಳಕನ್ನು ಸಂಜೆಗೆ ದೂಡಬೇಕು ಅಂತ ಗಡಿಯಾರವನ್ನೇ ಒಂದು ಗಂಟೆ ಮುಂದಿಡುವುದು ಅವರ ಪದ್ಧತಿ. ಜರ್ಮನಿ 1916ರಲ್ಲಿ ಯುದ್ಧದ ನಡುವೆ ಶುರುಮಾಡಿತು, ಅಮೆರಿಕ 1918ರಲ್ಲಿ. ಎರಡನೇ ಮಹಾಯುದ್ಧದ ವೇಳೆ, 1942ರಿಂದ 1945ರವರೆಗೆ, ಭಾರತದ ಗಡಿಯಾರಗಳೂ ಒಂದು ಗಂಟೆ ಮುಂದಿದ್ದವು. ಆಮೇಲೆ ನಾವು ಆ ಗೊಡವೆಗೆ ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಅಮೆರಿಕದ ಈಗಿನ ನಿಯಮದಂತೆ ಮಾರ್ಚ್‌ನ ಎರಡನೇ ಭಾನುವಾರ ರಾತ್ರಿ ಎರಡಕ್ಕೆ ಗಡಿಯಾರ ಮೂರಕ್ಕೆ ಹಾರುತ್ತದೆ, ನವೆಂಬರ್‌ನ ಮೊದಲ ಭಾನುವಾರ ರಾತ್ರಿ ಎರಡಕ್ಕೆ ಒಂದಕ್ಕೆ ಹಿಂದಿರುಗುತ್ತದೆ.

ಯಂತ್ರದ ಗಡಿಯಾರ ಅಲುಗುವುದೇ ಇಲ್ಲ

ಮೇನ್‌ಫ್ರೇಮ್ ಅಂದರೆ ಹಳೇ ಕಾಲದ, ಕೋಣೆ ತುಂಬುವ ಕಂಪ್ಯೂಟರ್ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಐಬಿಎಂ ಕಂಪನಿ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಘೋಷಿಸಿತು. ಅದೇ ಮನೆತನದ ಝಡ್17 ಯಂತ್ರ 2025ರಲ್ಲಿ ಹೊರಬಂತು. ದೊಡ್ಡ ಬ್ಯಾಂಕು, ಕಾರ್ಡ್ ಕಂಪನಿ, ವಿಮೆ ಕಂಪನಿಗಳ ಲೆಕ್ಕ ಈಗಲೂ ಓಡುವುದು ಇಂಥ ಯಂತ್ರಗಳ ಮೇಲೆ. ನಾನು ಹುಟ್ಟುವ ಮೊದಲೇ ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ನಾನು ತಿದ್ದಿದ್ದೇನೆ, ಅದು ಇವತ್ತು ರಾತ್ರಿಯೂ ಓಡುತ್ತದೆ.

ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದು: ನವೆಂಬರ್‌ನ ಆ ರಾತ್ರಿ ಮೇನ್‌ಫ್ರೇಮ್‌ನ ಒಳಗಿನ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ಯಂತ್ರದೊಳಗೆ ಟಾಡ್ ಕ್ಲಾಕ್ ಅನ್ನುವುದೊಂದಿದೆ, ಸಿಸ್ಟಮ್/370 ಕಾಲದಿಂದ ಬಂದದ್ದು. ಅದು ಗಂಟೆ ನಿಮಿಷ ಹೇಳುವ ಗಡಿಯಾರವಲ್ಲ, ಎಣಿಕೆಯ ಯಂತ್ರ. 1900ರ ಜನವರಿ 1ರ ಶೂನ್ಯ ಗಂಟೆಯಿಂದ ಶುರುಮಾಡಿ 64 ಬಿಟ್‌ಗಳ ಒಂದು ಸಂಖ್ಯೆಯನ್ನು ಏರಿಸುತ್ತ ಹೋಗುತ್ತದೆ. 51ನೇ ಬಿಟ್ ಒಮ್ಮೆ ಏರಿದರೆ ಒಂದು ಮೈಕ್ರೋಸೆಕೆಂಡ್ ಕಳೆದಂತೆ. ಆ 64 ಬಿಟ್ ತುಂಬಿ ಮತ್ತೆ ಸೊನ್ನೆಗೆ ಬರುವುದು 2042ರ ಸೆಪ್ಟೆಂಬರ್ 17ರಂದು. ಅದಕ್ಕಾಗಿ 128 ಬಿಟ್‌ಗಳ ಉದ್ದನೆಯ ರೂಪವನ್ನು ಐಬಿಎಂ ಎಂದೋ ಕೊಟ್ಟಿದೆ, ಪ್ರೋಗ್ರಾಮುಗಳು ಅದಕ್ಕೆ ಬದಲಾಗಬೇಕು. ಅದು ಬೇರೆಯೇ ಬರಹದ ವಿಷಯ. ಇಲ್ಲಿ ಮುಖ್ಯವಾದದ್ದು, ಈ ಎಣಿಕೆ ಯುಟಿಸಿಯಲ್ಲಿ ನಡೆಯುತ್ತದೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ. ಬೇಸಿಗೆ ಬಂದರೂ ಚಳಿ ಬಂದರೂ ಅದು ಹಿಂದೆ ಸರಿಯುವುದಿಲ್ಲ. ಸರಿಯಬಾರದು ಕೂಡ. ಡಿಬಿ2ನಂಥ ಡೇಟಾಬೇಸ್ ತನ್ನ ಲಾಗ್‌ನಲ್ಲಿ ಯಾವ ಬದಲಾವಣೆ ಮೊದಲು, ಯಾವುದು ಆಮೇಲೆ ಅಂತ ತಿಳಿಯುವುದೇ ಈ ಎಣಿಕೆಯ ಆಸರೆಯಲ್ಲಿ.

ಹಾಗಾದರೆ ತೆರೆಯ ಮೇಲೆ ಕಾಣುವ ನ್ಯೂಯಾರ್ಕ್ ಸಮಯ ಎಲ್ಲಿಂದ ಬಂತು? ಆಪರೇಟಿಂಗ್ ಸಿಸ್ಟಮ್, ಅಂದರೆ ಝಡ್/ಓಎಸ್, ತನ್ನ ಬಳಿ ಒಂದು ಅಂತರವನ್ನು ಬರೆದಿಟ್ಟುಕೊಂಡಿರುತ್ತದೆ. ಯಂತ್ರದ ಹೊಂದಿಕೆಗಳನ್ನು ಬರೆದಿಡುವ ಪಾರ್ಮ್‌ಲಿಬ್‌ನ ಕ್ಲಾಕ್ ಮೆಂಬರ್‌ನಲ್ಲಿ 'ಟೈಮ್‌ಝೋನ್ ಡಬ್ಲ್ಯೂ.05.00.00' ಅಂತ ಇದ್ದರೆ ಯುಟಿಸಿಯಿಂದ ಪಶ್ಚಿಮಕ್ಕೆ 5 ಗಂಟೆ ಹಿಂದೆ ಅಂತ ಅರ್ಥ. ಬೇಸಿಗೆಯಲ್ಲಿ ಅದು 04 ಆಗುತ್ತದೆ. ಯಾರಾದರೂ ಸಮಯ ಕೇಳಿದರೆ ಎಣಿಕೆಯಿಂದ ಆ ಅಂತರ ಕಳೆದು ಕೊಡುತ್ತದೆ, ಅಷ್ಟೇ.

ಇದನ್ನು ಹೇಳುವಾಗಲೆಲ್ಲ ನನಗೆ ರಾಯಚೂರು ನೆನಪಾಗುತ್ತದೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಭಾರತಕ್ಕೆಲ್ಲ ಒಂದೇ ಸಮಯ ಅನ್ನುವುದು ಆಗಿನ್ನೂ ಬಂದಿರಲಿಲ್ಲ, ಅದು ಬಂದದ್ದು 1906ರಲ್ಲಿ. ಮದ್ರಾಸಿನ ಗಡಿಯಾರ ಮುಂಬೈಯದಕ್ಕಿಂತ ಅರ್ಧ ಗಂಟೆ ಮುಂದಿತ್ತು. ಊರೂರಿಗೂ ತನ್ನ ಸೂರ್ಯ, ತನ್ನ ಮಧ್ಯಾಹ್ನ. ಒಂದೇ ಹಳಿಯ ಮೇಲೆ ಎರಡು ಗಡಿಯಾರ ನಂಬಿ ಗಾಡಿ ಓಡಿಸಿದರೆ ಗತಿಯೇನು? ಹಾಗಾಗಿ ರೈಲುಗಳಿಗೆಲ್ಲ ಮದ್ರಾಸ್ ಸಮಯವನ್ನೇ ಸಾಮಾನ್ಯ ಸಮಯವಾಗಿ ಹಿಡಿದರು; ಪೇಟೆಯ ಜನ ತಮ್ಮ ತಮ್ಮ ಊರಿನ ಸಮಯದಲ್ಲೇ ಇದ್ದರು. ಹಳಿಗೆ ಒಂದು ಸಮಯ, ಊರಿಗೆ ಒಂದು ಸಮಯ, ನಡುವೆ ಗೊತ್ತಿರುವ ಅಂತರ. ಟಾಡ್ ಕ್ಲಾಕ್ ಮತ್ತು ಟೈಮ್‌ಝೋನ್ ಇರುವುದು ಹೀಗೆಯೇ.

ಅಂತರ ಬದಲಿಸುವ ಕೆಲಸವೂ ಈಗ ಸಲೀಸು. ಹಿಂದೆ ಆಪರೇಟರ್ ಕನ್ಸೋಲ್ ಮುಂದೆ ಕೂತು, ಸರಿಯಾದ ಸೆಕೆಂಡಿಗೆ ಕಮಾಂಡ್ ಕೊಡಬೇಕಿತ್ತು. ಈಗ ಯಂತ್ರಗಳ ಸಮಯವನ್ನು ಒಂದಕ್ಕೊಂದು ಹೊಂದಿಸುವ ಸರ್ವರ್ ಟೈಮ್ ಪ್ರೋಟೋಕಾಲ್ ಇರುವ ಕಡೆ ಹಾರ್ಡ್‌ವೇರ್ ನಿರ್ವಹಣೆಯ ಕನ್ಸೋಲಿನಲ್ಲಿ ಮೊದಲೇ ದಿನಾಂಕ ಹೊಂದಿಸಿಟ್ಟರೆ, ಅದನ್ನು ಒಪ್ಪಿಕೊಂಡ ಎಲ್‌ಪಾರ್‌ಗಳೆಲ್ಲ, ಅಂದರೆ ಒಂದೇ ಯಂತ್ರದೊಳಗೆ ಬೇರೆ ಬೇರೆಯಾಗಿ ಓಡುವ ಪಾಲುಗಳೆಲ್ಲ, ಒಟ್ಟಿಗೆ ಹೊಸ ಅಂತರಕ್ಕೆ ಬರುತ್ತವೆ. ನಿಜವಾಗಿ ಭಯಪಡಬೇಕಾದದ್ದು ಒಂದೇ: ಅಂತರ ಬದಲಿಸುವ ಬದಲು ಯಾರಾದರೂ ಒಳಗಿನ ಎಣಿಕೆಯನ್ನೇ ಒಂದು ಗಂಟೆ ಹಿಂದಕ್ಕೆ ತಂದುಬಿಟ್ಟರೆ. ಯಂತ್ರ ಏಳುವಾಗ ಕನ್ಸೋಲ್ ಮೇಲೆ ಯುಟಿಸಿ ಸಮಯ, ಸ್ಥಳೀಯ ಸಮಯ ಎರಡನ್ನೂ ತೋರಿಸಿ 'ಸರಿಯೇ?' ಅಂತ ಕೇಳುವ ಸಂದೇಶ ಬರುವ ಕಡೆ, ಅವಸರದಲ್ಲಿ ಸ್ಥಳೀಯ ಸಮಯವನ್ನು ಯುಟಿಸಿಯ ಜಾಗದಲ್ಲಿ ಹೊಡೆಯುವ ಬೆರಳು ನಮ್ಮದಾಗಬಾರದು. ಆಮೇಲೆ ಡೇಟಾಬೇಸ್ ಲಾಗ್‌ಗಳನ್ನು ನೆಟ್ಟಗೆ ಮಾಡುವುದು ಒಂದು ದಿನದ ಕೆಲಸವಲ್ಲ.

ದುಡ್ಡು ತೆಗೆಯುವ ಮೊದಲೇ ವಾಪಸ್ ಬಂದದ್ದು

ಯಂತ್ರದ ಗಡಿಯಾರ ಅಲುಗುವುದಿಲ್ಲ ಅಂದಮೇಲೆ ಕಷ್ಟ ಎಲ್ಲಿದೆ? ಪ್ರೋಗ್ರಾಮುಗಳಲ್ಲಿದೆ. ಎಣಿಕೆಯನ್ನು ಬಿಟ್ಟು, ಗೋಡೆಯ ಗಡಿಯಾರದ ಸಮಯವನ್ನೇ ನಂಬಿ ಬರೆದ ಸಾವಿರಾರು ಪ್ರೋಗ್ರಾಮುಗಳಲ್ಲಿ.

ಕೆಲವು ವರ್ಷದ ಹಿಂದೆ, ನಾನಿದ್ದ ತಂಡದಲ್ಲಿ ನಡೆದದ್ದು. ನವೆಂಬರ್‌ನ ಆ ಭಾನುವಾರ ರಾತ್ರಿಯ ಬ್ಯಾಚ್, ಅಂದರೆ ದಾಖಲೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಜಾಬ್‌ಗಳ ಸರಣಿ, ಅಬೆಂಡ್ ಆಗದೆ, ನಡುವೆ ಮುರಿದು ನಿಲ್ಲದೆ, ಮುಗಿದಿತ್ತು. ಎಲ್ಲ ಜಾಬ್‌ಗಳೂ ಹಸಿರು. ಸೋಮವಾರ, ಲೆಕ್ಕಕ್ಕೆ ಹೊಂದದ ದಾಖಲೆಗಳು ಬಂದು ಬೀಳುವ ಎಕ್ಸೆಪ್ಶನ್ ಫೈಲ್ ತೆರೆದರೆ ಬೇರೆ ದಿನ ಹತ್ತು ಹನ್ನೆರಡು ಸಾಲು ಇರುವಲ್ಲಿ ಇನ್ನೂರಕ್ಕೂ ಹೆಚ್ಚು. ತಂಡಕ್ಕೆ ಹೊಸದಾಗಿ ಬಂದಿದ್ದ ಗಂಗಾವತಿಯ ಹುಡುಗಿ ಒಂದು ಸಾಲಿನ ಮೇಲೆ ಕರ್ಸರ್ ನಿಲ್ಲಿಸಿ ಕೇಳಿದಳು: "ಸರ್, ದುಡ್ಡು ತೆಗಿಯೋಕಿಂತ ಮೊದ್ಲ ವಾಪಸ್ ಹೆಂಗ ಬಂತ್ರಿ?"

ಅವಳು ತೋರಿಸಿದ್ದು ಎರಡು ದಾಖಲೆ. ಒಬ್ಬ ಗ್ರಾಹಕ ಎಟಿಎಂನಲ್ಲಿ ದುಡ್ಡು ತೆಗೆಯಲು ಹೋಗಿದ್ದಾನೆ, ಸಮಯ 01:52. ಖಾತೆಯಿಂದ ಹಣ ಕಡಿತವಾಗಿದೆ, ಯಂತ್ರದಿಂದ ನೋಟು ಬಂದಿಲ್ಲ. ಹದಿಮೂರು ನಿಮಿಷದ ಮೇಲೆ ಆ ಹಣವನ್ನು ಖಾತೆಗೆ ಮರಳಿಸುವ ದಾಖಲೆ ಬಂದಿದೆ. ಅಷ್ಟರಲ್ಲಿ ಗಡಿಯಾರ ಹಿಂದೆ ಸರಿದಿತ್ತು, ಹಾಗಾಗಿ ಅದರ ಸಮಯ 01:05. ರಾತ್ರಿಯ ಬ್ಯಾಚ್ ಮೊದಲು ಮಾಡುವ ಕೆಲಸವೇ ಸಮಯದ ಪ್ರಕಾರ ಸಾರ್ಟ್. 01:05 ಮೇಲೆ ಹೋಯಿತು, 01:52 ಕೆಳಗೆ ಬಂತು. ಪ್ರೋಗ್ರಾಮ್ ಮೊದಲು ಮರಳಿಸುವ ದಾಖಲೆ ಓದಿತು, ಇದಕ್ಕೆ ಮೂಲವಾದ ಕಡಿತ ಇನ್ನೂ ಆಗಿಲ್ಲವಲ್ಲ ಅಂತ ಅದನ್ನು ಎಕ್ಸೆಪ್ಶನ್ ಫೈಲಿಗೆ ಎಸೆಯಿತು. ಆಮೇಲೆ ಕಡಿತ ಓದಿತು, ಕಡಿತ ಮಾಡಿತು. ಗ್ರಾಹಕನ ಕೈಗೆ ನೋಟೂ ಇಲ್ಲ, ಖಾತೆಯಲ್ಲಿ ಹಣವೂ ಇಲ್ಲ. ಅಂಥವರು ಇನ್ನೂರು ಜನ. ಎರಡು ದಿನ ಒಂದೊಂದೇ ಸಾಲನ್ನು ಕೈಯಿಂದ ಹೊಂದಿಸಿದೆವು.

ಈ ತಪ್ಪಿನ ಸ್ವಭಾವ ಗಮನಿಸಿ. ಏನೂ ಮುರಿಯಲಿಲ್ಲ. ಯಾವ ಅಲಾರಂ ಬಾರಿಸಲಿಲ್ಲ. ಪ್ರೋಗ್ರಾಮ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು.

ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ಬಗೆ ಇದೆ. ಒಂದು ಕೆಲಸ 1:50ಕ್ಕೆ ಶುರುವಾಗಿ ಇಪ್ಪತ್ತು ನಿಮಿಷದ ಮೇಲೆ ಮುಗಿಯಿತು ಅನ್ನಿ. ಮುಗಿದಾಗ ಗಡಿಯಾರ 1:10. ಕಳೆದರೆ ಮೈನಸ್ 40 ನಿಮಿಷ. ಮೈನಸ್ ಬಂದರೆ ಯಾರಾದರೂ ಹಿಡಿಯುತ್ತಿದ್ದರು. ಆದರೆ ಕೋಬಾಲ್‌ನಲ್ಲಿ ಅವಧಿಗೆ ಮೀಸಲಿಟ್ಟ ಜಾಗಕ್ಕೆ ಚಿಹ್ನೆ ಕೊಟ್ಟಿಲ್ಲದಿದ್ದರೆ ಮೈನಸ್ ಉದುರಿಹೋಗಿ ಬರೀ 40 ಉಳಿಯುತ್ತದೆ. ಅವಧಿಗೆ ಚಿಹ್ನೆ ಯಾಕೆ ಬೇಕು ಅಂತ 1980ರಲ್ಲಿ ಬರೆದವನು ಕೊಟ್ಟಿರುವುದಿಲ್ಲ. ಇಪ್ಪತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷದ ಬಿಲ್ ಹೋಗುತ್ತದೆ. ನಲವತ್ತು ಅನ್ನುವುದು ಅನುಮಾನ ಬರುವಂಥ ಸಂಖ್ಯೆಯಲ್ಲ. ಆ ತಪ್ಪು ವರ್ಷಗಟ್ಟಲೆ ಹಾಗೇ ಇರಬಲ್ಲದು.

ಅಧಿಕ ಮತ್ತು ನಿಜ

ಒಂದೇ ಹೆಸರಿನ ಹೊತ್ತು ಎರಡು ಸಲ ಬಂದರೆ ಏನು ಮಾಡಬೇಕು ಅನ್ನುವುದು ನಮಗೆ ಹೊಸ ಪ್ರಶ್ನೆ ಅಲ್ಲವೇ ಅಲ್ಲ. ಗಂಗಾವತಿಯ ಹುಡುಗಿಗೆ ನಾನು ಅದನ್ನು ಬಿಡಿಸಿ ಹೇಳಿದ್ದು ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದಿಂದ. ಈ ಪರಾಭವ ಸಂವತ್ಸರದಲ್ಲಿ ಜ್ಯೇಷ್ಠ ಎರಡು ಸಲ ಬರುತ್ತದೆ. ಮೇ 17ರಿಂದ ಜೂನ್ 15ರವರೆಗಿನದು ಅಧಿಕ ಜ್ಯೇಷ್ಠ, ಅದರ ಮುಂದಿನದು ನಿಜ ಜ್ಯೇಷ್ಠ. ಪಂಚಾಂಗದವರು ಎರಡಕ್ಕೂ ಬರೀ 'ಜ್ಯೇಷ್ಠ' ಅಂತ ಬರೆದು ಕೈತೊಳೆದುಕೊಳ್ಳಲಿಲ್ಲ. ಹೆಸರಿನ ಹಿಂದೆ ಒಂದು ಪದ ಕೂಡಿಸಿದರು. ಹಬ್ಬ ಯಾವುದರಲ್ಲಿ, ವ್ರತ ಯಾವುದರಲ್ಲಿ ಅನ್ನುವ ನಿಯಮವನ್ನೂ ಮೊದಲೇ ಗೊತ್ತುಮಾಡಿದರು. ಹಾಗಾಗಿ ತಿಂಗಳು ಎರಡು ಸಲ ಬಂದರೂ ಯಾರ ಮನೆಯಲ್ಲೂ ಹಬ್ಬ ಎರಡು ಸಲ ಆಗುವುದಿಲ್ಲ.

ನ್ಯೂಯಾರ್ಕಿನ ಎರಡು 'ಒಂದು ಗಂಟೆ'ಗೂ ಆ ಪದ ಇದೆ. ಮೊದಲನೆಯದು ಬೇಸಿಗೆ ಸಮಯದ್ದು, ಯುಟಿಸಿಗಿಂತ 4 ಗಂಟೆ ಹಿಂದೆ. ಎರಡನೆಯದು ಸ್ಟ್ಯಾಂಡರ್ಡ್ ಸಮಯದ್ದು, 5 ಗಂಟೆ ಹಿಂದೆ. ನನಗೆ ಬೇಸರ ತರುವ ಸಂಗತಿ ಏನೆಂದರೆ, ಕೋಬಾಲ್‌ನ ಕರೆಂಟ್-ಡೇಟ್ ಫಂಕ್ಷನ್ ಇದನ್ನು ಕೇಳದೆಯೇ ಕೊಡುತ್ತದೆ. ಅದು ಹಿಂದಿರುಗಿಸುವುದು 21 ಅಕ್ಷರ. ಮೊದಲ 16ರಲ್ಲಿ ದಿನಾಂಕ ಮತ್ತು ಸಮಯ, ಕೊನೆಯ 5ರಲ್ಲಿ ಯುಟಿಸಿಯಿಂದ ಇರುವ ಅಂತರ: -0400 ಅಥವಾ -0500. ಅಧಿಕವೋ ನಿಜವೋ ಅನ್ನುವುದು ಆ ಐದು ಅಕ್ಷರದಲ್ಲಿದೆ. ನಾನು ನೋಡಿದ ಪ್ರೋಗ್ರಾಮುಗಳಲ್ಲಿ ಬಹುಪಾಲು ಮೊದಲ 14ನ್ನೋ 16ನ್ನೋ ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತವೆ. ಡಿಬಿ2ನಲ್ಲೂ 10ನೇ ಆವೃತ್ತಿಯಿಂದ ಅಂತರದ ಸಮೇತ ಸಮಯ ಇಡುವ ಕಾಲಮ್ ಇದೆ; ಹಳೇ ಟೇಬಲ್‌ಗಳಲ್ಲಿ ಅದನ್ನು ಬಳಸಿದ್ದು ಕಂಡದ್ದು ಕಡಿಮೆ. ಟೇಬಲ್‌ನ ಕೀಲಿಯೇ, ಅಂದರೆ ಒಂದೊಂದು ಸಾಲನ್ನೂ ಗುರುತಿಸುವ, ಎರಡು ಸಲ ಬರಬಾರದ ಗುರುತೇ, ಸೆಕೆಂಡಿನ ತನಕದ ಸ್ಥಳೀಯ ಸಮಯ ಆಗಿದ್ದರಂತೂ ಎರಡನೇ ತಾಸಿನಲ್ಲಿ ಡಿಬಿ2 -803 ಅಂತ ತಳ್ಳಿಹಾಕುತ್ತದೆ, ಈ ಕೀಲಿ ಆಗಲೇ ಇದೆ ಅಂತ. ಅದನ್ನು ನಾನು ಒಳ್ಳೆಯ ತಪ್ಪು ಅಂತಲೇ ಎಣಿಸುತ್ತೇನೆ, ಕೂಗಿ ಹೇಳುತ್ತದಲ್ಲ.

ಮಾರ್ಚ್‌ನ ಕಥೆ ಇದರ ತಿರುವುಮುರುವು, ಅಷ್ಟು ಕಠಿಣವೂ ಅಲ್ಲ. ಒಂದು ಸೂರ್ಯೋದಯದ ನಂತರ ಶುರುವಾಗಿ ಮುಂದಿನ ಸೂರ್ಯೋದಯದ ಒಳಗೇ ಮುಗಿಯುವ ತಿಥಿಗೆ ಕ್ಷಯ ತಿಥಿ ಅನ್ನುತ್ತೇವೆ, ಅದಕ್ಕೆ ತನ್ನದೆನ್ನುವ ದಿನವೇ ಇಲ್ಲ. ಮಾರ್ಚ್‌ನ ಆ ರಾತ್ರಿ ಎರಡೂವರೆಗೂ ಅದೇ ಗತಿ. 1:59 ಆದಮೇಲೆ 3:00. ಎರಡೂವರೆಗೆ ಓಡಬೇಕು ಅಂತ, ಜಾಬ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಶೆಡ್ಯೂಲರ್‌ನಲ್ಲಿ ಬರೆದಿಟ್ಟ ಜಾಬ್ ಬಿಟ್ಟುಹೋಗಬಹುದು, ಮೂರಕ್ಕೆ ಓಡಬಹುದು. ಯಾವುದು ಅನ್ನುವುದು ಶೆಡ್ಯೂಲರ್ ಯಾವುದು, ಅದನ್ನು ಹೇಗೆ ಹೊಂದಿಸಿದ್ದಾರೆ ಅನ್ನುವುದರ ಮೇಲೆ ಇದೆ. ನವೆಂಬರ್‌ನಲ್ಲಿ ಒಂದೂವರೆಯ ಜಾಬ್ ಎರಡು ಸಲ ಓಡುವ ಅಪಾಯ ಇದರ ಇನ್ನೊಂದು ಮುಖ. ವರದಿ ಎರಡು ಸಲ ಅಚ್ಚಾದರೆ ನಷ್ಟವಿಲ್ಲ. ಸಾಲದ ಕಂತು ಎರಡು ಸಲ ಕಡಿತವಾದರೆ ಒಂದು ಮನೆಯ ತಿಂಗಳ ಲೆಕ್ಕ ಕೆಡುತ್ತದೆ.

ಒಂದು ತಾಸು ಎಲ್ಲ ನಿಲ್ಲಿಸಿ

ಹಿಂದಿನವರ ಬಳಿ ಇದಕ್ಕೆಲ್ಲ ಒಂದೇ ಮದ್ದು ಇತ್ತು. ನವೆಂಬರ್‌ನಲ್ಲಿ ಗಡಿಯಾರ ಹಿಂದೆ ಸರಿಯುವ ಮುಂಚೆ ಎಲ್ಲ ಅಪ್ಲಿಕೇಶನ್‌ಗಳನ್ನೂ ನಿಲ್ಲಿಸುವುದು, ಒಂದು ತಾಸು ಸುಮ್ಮನಿರುವುದು, ಹಳೇ ಸಮಯ ದಾಟಿದ ಮೇಲೆ ಮತ್ತೆ ಎಬ್ಬಿಸುವುದು. ಅಮೆರಿಕದ ಪ್ರಯಾಣಿಕರ ರೈಲು ಆಮ್ಟ್ರಾಕ್ ಕೂಡ ಆ ರಾತ್ರಿ ಓಡುತ್ತಿರುವ ಗಾಡಿಗಳನ್ನು ಒಂದು ತಾಸು ನಿಲ್ಲಿಸಿಕೊಳ್ಳುತ್ತದೆ, ಮುಂದಿನ ನಿಲ್ದಾಣಕ್ಕೆ ವೇಳಾಪಟ್ಟಿಗಿಂತ ಮೊದಲೇ ಹೋಗಿಬಿಡಬಾರದು ಅಂತ. ರೈಲಿಗೆ ಅದು ಸರಿ. ಕಾರ್ಡ್ ವ್ಯವಹಾರ ಇಪ್ಪತ್ತನಾಲ್ಕು ತಾಸೂ ನಡೆಯುವ ಈ ಕಾಲದಲ್ಲಿ ಬ್ಯಾಂಕಿಗೆ ಸರಿಯಲ್ಲ. ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಕಾರ್ಡ್ ಉಜ್ಜುವವನಿಗೆ, ಆಸ್ಪತ್ರೆಯ ಬಿಲ್ ಕಟ್ಟುವವನಿಗೆ 'ಗಡಿಯಾರ ತಿರುಗುತ್ತಿದೆ, ಕಾಯಿರಿ' ಅನ್ನಲು ಆಗುವುದಿಲ್ಲ. ಆದರೂ ಒಳಗಿನ ಕೆಲವು ಬ್ಯಾಚ್‌ಗಳಿಗೆ ಈ ಮದ್ದು ಈಗಲೂ ಬಳಕೆಯಲ್ಲಿದೆ. ತಿದ್ದಲು ಧೈರ್ಯ ಸಾಲದ ಹಳೇ ಪ್ರೋಗ್ರಾಮಿಗೆ ಅದೇ ಕ್ಷೇಮ ಅಂತ ನನ್ನ ಅನುಭವವೂ ಹೇಳುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಒಂದೇ ಯಂತ್ರದೊಳಗೆ ಸಮಯದ ನಕಲುಗಳು ಎಷ್ಟಿವೆ ಅನ್ನುವುದು ಹೊಸಬರನ್ನು ಕಂಗೆಡಿಸುವ ಇನ್ನೊಂದು ವಿಷಯ. ಝಡ್/ಓಎಸ್ ಹೊಸ ಅಂತರಕ್ಕೆ ಬಂದರೂ, ಗ್ರಾಹಕರ ವಹಿವಾಟು ನಡೆಸುವ ಸಿಐಸಿಎಸ್ ತನ್ನದೇ ಆದ ಸ್ಥಳೀಯ ಸಮಯದ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ಬೇರೆ ಕಮಾಂಡ್ ಕೊಟ್ಟು, ಸಿಇಎಂಟಿ ಪರ್ಫಾರ್ಮ್ ರಿಸೆಟ್‌ಟೈಮ್ ಅಂತ, ಎಬ್ಬಿಸಬೇಕು. ಇಲ್ಲವೇ ತಾನಾಗಿಯೇ ಹೊಂದಿಕೊಳ್ಳುವ ಹಾಗೆ ಮೊದಲೇ ಇಟ್ಟಿರಬೇಕು. ಯಂತ್ರದೊಳಗಿನ ಯುನಿಕ್ಸ್ ಭಾಗ ಝಡ್/ಓಎಸ್‌ನ ಅಂತರವನ್ನು ನೋಡುವುದೇ ಇಲ್ಲ, 'ಇಎಸ್‌ಟಿ5ಇಡಿಟಿ' ಅನ್ನುವಂಥ ತನ್ನ ನಿಯಮದಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಜಾವಾಗೆ ತನ್ನದೇ ಕೋಷ್ಟಕ. ಒಂದೇ ಮನೆಯ ನಾಲ್ಕು ಕೋಣೆಯಲ್ಲಿ ನಾಲ್ಕು ಗಡಿಯಾರ. ಮೂರು ತಿರುಗಿ ಒಂದು ಉಳಿದರೆ ಅದನ್ನು ಹುಡುಕುವಷ್ಟರಲ್ಲಿ ನಮ್ಮ ಭಾನುವಾರ ಸಂಜೆಯಾಗಿರುತ್ತದೆ.

ಯಂತ್ರಗಳ ನಡುವೆಯೂ ಹೀಗೇ. ಅಮೆರಿಕವೂ ಯುರೋಪೂ ಒಂದೇ ದಿನ ಗಡಿಯಾರ ತಿರುವುವುದಿಲ್ಲ. ಯುರೋಪಿನದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಹಾಗಾಗಿ ಈ ವರ್ಷ ಮಾರ್ಚ್ 8ರಿಂದ 29ರವರೆಗೆ ಲಂಡನ್ನಿಗೂ ನ್ಯೂಯಾರ್ಕಿಗೂ 5 ಗಂಟೆಯ ಬದಲು 4 ಗಂಟೆಯ ಅಂತರ. ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಮತ್ತೊಂದು ವಾರ ಹಾಗೆಯೇ. ಲಂಡನ್ನಿನ ಫೈಲ್ ಇಷ್ಟು ಹೊತ್ತಿಗೆ ಬಂದಿರುತ್ತದೆ ಅಂತ ನಂಬಿ ನ್ಯೂಯಾರ್ಕಿನಲ್ಲಿ ಶುರುವಾಗುವ ಜಾಬ್ ಆ ವಾರಗಳಲ್ಲಿ ಹಿಂದಿನ ದಿನದ ಫೈಲನ್ನೇ ಎತ್ತಿಕೊಂಡುಬಿಡಬಹುದು. ಹೊತ್ತು ನೋಡಿ ಓಡುವ ಜಾಬ್‌ಗಿಂತ ಫೈಲ್ ಬಂದಮೇಲೆ ಓಡುವ ಜಾಬ್ ಲೇಸು ಅನ್ನುವುದು ಅಲ್ಲಿಯೇ ಅರ್ಥವಾಗುತ್ತದೆ.

ಅವರು ನಿಲ್ಲಿಸಿದರೆ?

ಈ ಪದ್ಧತಿಯನ್ನೇ ಬಿಡಬೇಕು ಅನ್ನುವ ಕೂಗು ಅಲ್ಲಿ ಬಹಳ ದಿನದಿಂದ ಇದೆ. ಅಮೆರಿಕದ ಸೆನೆಟ್ 2022ರ ಮಾರ್ಚ್‌ನಲ್ಲಿ ಬೇಸಿಗೆ ಸಮಯವನ್ನೇ ಕಾಯಂ ಮಾಡುವ ಮಸೂದೆಯನ್ನು ಒಪ್ಪಿತು, ಕೆಳಮನೆಯಲ್ಲಿ ಅದು ಮುಂದೆ ಹೋಗಲಿಲ್ಲ. ಯುರೋಪಿನ ಸಂಸತ್ತು 2019ರಲ್ಲೇ ಕೈಬಿಡುವ ಪರವಾಗಿ ಮತ ಹಾಕಿತು, ದೇಶಗಳು ಒಮ್ಮತಕ್ಕೆ ಬರಲಿಲ್ಲ. ಮೆಕ್ಸಿಕೋ 2022ರಲ್ಲಿ ಬಿಟ್ಟೇಬಿಟ್ಟಿತು. ಅವರು ನಿಲ್ಲಿಸಿದರೆ ನಮ್ಮ ಕಷ್ಟ ತೀರಿತು ಅಂತ ನನ್ನ ಜತೆಯವರು ಕೆಲವರು ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಿಲ್ಲಿಸುವುದೂ ಒಂದು ನಿಯಮ ಬದಲಾವಣೆಯೇ, ಮತ್ತು ಈ ಕೆಲಸದಲ್ಲಿ ಗಡಿಯಾರಕ್ಕಿಂತ ಹೆಚ್ಚು ತೊಂದರೆ ಕೊಡುವುದು ನಿಯಮ ಬದಲಾವಣೆ.

2005ರಲ್ಲಿ ಅಮೆರಿಕ ಇಂಧನ ನೀತಿಯ ಕಾಯ್ದೆಯೊಂದರಲ್ಲಿ ಬೇಸಿಗೆ ಸಮಯವನ್ನು ಹಿಗ್ಗಿಸಿತು. ಏಪ್ರಿಲ್‌ನ ಮೊದಲ ಭಾನುವಾರದ ಬದಲು ಮಾರ್ಚ್‌ನ ಎರಡನೇ ಭಾನುವಾರ, ಅಕ್ಟೋಬರ್ ಕೊನೆಯ ಬದಲು ನವೆಂಬರ್ ಮೊದಲು. ಜಾರಿಗೆ ಬಂದದ್ದು 2007ರಲ್ಲಿ. ಸಿದ್ಧವಾಗಲು ಒಂದೂವರೆ ವರ್ಷ ಸಿಕ್ಕಿತು, ಆದರೂ ಹಳೇ ದಿನಾಂಕವನ್ನು ಪ್ರೋಗ್ರಾಮಿನೊಳಗೇ ಬರೆದಿಟ್ಟ ಎಲ್ಲ ಕಡೆ ಕೈಹಾಕಬೇಕಾಯಿತು. ಲೆಬನಾನ್‌ನಲ್ಲಿ 2023ರ ಮಾರ್ಚ್‌ನಲ್ಲಿ ಅಷ್ಟೂ ಸಿಗಲಿಲ್ಲ. ಗಡಿಯಾರ ತಿರುಗಲು ಮೂರು ದಿನ ಇರುವಾಗ ಸರ್ಕಾರ ಅದನ್ನು ರಂಜಾನ್ ಮುಗಿಯುವವರೆಗೆ ಮುಂದೂಡಿತು, ಒಂದು ಪಾಲು ಜನ ಒಪ್ಪಲಿಲ್ಲ, ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆದವು, ಆಮೇಲೆ ಸರ್ಕಾರ ತೀರ್ಮಾನ ಹಿಂದಕ್ಕೆ ಪಡೆಯಿತು. ಮೂರು ದಿನದಲ್ಲಿ ಬ್ಯಾಂಕಿನ ಮೇನ್‌ಫ್ರೇಮ್‌ಗೆ ಹೊಸ ನಿಯಮ ಹಾಕಿ ಪರೀಕ್ಷೆ ಮಾಡುವುದು ಯಾರಿಂದಲೂ ಆಗದ ಮಾತು. ಗೋಡೆಯ ಗಡಿಯಾರ ಏನಾದರೂ ಹೇಳಲಿ, ದಾಖಲೆ ಇಡುವುದು ಯುಟಿಸಿಯಲ್ಲಿ, ತೋರಿಸುವಾಗ ಮಾತ್ರ ಸ್ಥಳೀಯ ಸಮಯ ಅಂತ ಮೊದಲೇ ಕಟ್ಟಿದ ವ್ಯವಸ್ಥೆಗೆ ಮಾತ್ರ ಅಂಥ ದಿನ ಉಸಿರಾಡಲು ಸಾಧ್ಯ. ಜತೆಗೆ, ಪದ್ಧತಿ ನಾಳೆಯೇ ನಿಂತರೂ ಹಳೇ ದಾಖಲೆಗಳಲ್ಲಿ ಆ ಜೋಡಿ ತಾಸುಗಳು ಹಾಗೇ ಇರುತ್ತವೆ. ಹತ್ತು ವರ್ಷದ ಹಿಂದಿನ ಖಾತೆಯ ತಕರಾರು ನ್ಯಾಯಾಲಯಕ್ಕೆ ಬಂದರೆ 01:05 ಮೊದಲೋ 01:52 ಮೊದಲೋ ಅನ್ನುವುದಕ್ಕೆ ಆಗಲೂ ಉತ್ತರ ಬೇಕು.

ನಮ್ಮ ಕಡೆಯ ಒಂದು ಉದಾಹರಣೆ ಹೇಳುತ್ತೇನೆ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ ಇರಲಿ, ಕುಡತಿನಿಯ ಬಳ್ಳಾರಿ ಕೇಂದ್ರ ಇರಲಿ, ವಿದ್ಯುತ್ ಎಷ್ಟು ಕೊಡಬೇಕು ಅನ್ನುವ ಲೆಕ್ಕ ನಡೆಯುವುದು 15 ನಿಮಿಷದ ಬ್ಲಾಕ್‌ಗಳಲ್ಲಿ. ದಿನಕ್ಕೆ 96 ಬ್ಲಾಕ್. ಆ 96 ಅನ್ನುವ ಸಂಖ್ಯೆಯನ್ನು ನಮ್ಮ ಪ್ರೋಗ್ರಾಮರ್ ಕಣ್ಣುಮುಚ್ಚಿ ಬರೆಯಬಹುದು, ಇಲ್ಲಿ ಅದು ಎಂದೂ ಸುಳ್ಳಾಗುವುದಿಲ್ಲ. ಅದೇ ಪ್ರೋಗ್ರಾಮನ್ನು ಜರ್ಮನಿಗೆ ಕೊಟ್ಟರೆ ಮಾರ್ಚ್‌ನಲ್ಲಿ ಒಂದು ದಿನ 92 ಬ್ಲಾಕ್, ಅಕ್ಟೋಬರ್‌ನಲ್ಲಿ ಒಂದು ದಿನ 100. ದಿನಕ್ಕೆ ಇಪ್ಪತ್ತನಾಲ್ಕೇ ತಾಸು ಅನ್ನುವುದು ಪ್ರಕೃತಿಯ ನಿಯಮ ಅಂತ ನಾವು ತಿಳಿದಿದ್ದೇವೆ. ಅದು ಒಂದು ದೇಶದ ಕಾನೂನಿನ ಮಾತು. ಈ ಒಂದು ವಿಷಯವನ್ನು ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಮಧ್ಯಾಹ್ನ ಕೂರಿಸಿ, ಉದಾಹರಣೆ ಕೊಟ್ಟು ಹೇಳಿದರೂ ಸಾಕು, ನಮ್ಮ ಮಕ್ಕಳು ಎಷ್ಟೋ ರಾತ್ರಿಗಳನ್ನು ಉಳಿಸಿಕೊಳ್ಳುತ್ತಾರೆ. ಕರೆದರೆ ನಾನೇ ಬರುತ್ತೇನೆ.

ರಾತ್ರಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ, ನವೆಂಬರ್ ಆದಮೇಲೆ ಏಳೂವರೆ. ಗಡಿಯಾರ ತಿರುವಿದವರು ಅವರು, ಪಾಳಿ ಒಂದು ತಾಸು ತಡವಾಗುವುದು ನಮಗೆ. ಮಗುವನ್ನು ಮಲಗಿಸುವ ಹೊತ್ತು, ಮುದುಕರಿಗೆ ಮಾತ್ರೆ ಕೊಡುವ ಹೊತ್ತು, ಎಲ್ಲ ಸರಿದು ಕೂರುತ್ತದೆ. ಬಹಳಷ್ಟು ತಂಡಗಳಲ್ಲಿ ಈ ಬದಲಾವಣೆ ಒಂದು ಸಾಲಿನ ಇಮೇಲ್‌ನಲ್ಲಿ ಮುಗಿಯುತ್ತದೆ. ಒಂದು ತಿಂಗಳ ಮೊದಲೇ ಹೇಳಿ, ಆ ಭಾನುವಾರದ ಕೆಲಸವನ್ನು ಸರದಿಯ ಮೇಲೆ ಹಂಚಿ, ಮರುದಿನ ರಜೆ ಕೊಡಿ ಅಂತ ನಾನು ಕೇಳುತ್ತಲೇ ಇದ್ದೇನೆ. ನಿದ್ದೆಗೆಟ್ಟ ಕಣ್ಣಿಗೆ 01:05ರ ಮುಂದೆ -0400 ಇದೆಯೋ -0500 ಇದೆಯೋ ಕಾಣುವುದಿಲ್ಲ.

ನನ್ನ ಮೇಜಿನ ಮೇಲೆ ಒಂದು ಗೆರೆ ಎಳೆದ ನೋಟ್‌ಬುಕ್ ಇದೆ. ಗಂಗಾವತಿಯ ಹುಡುಗಿ ಆ ಸೋಮವಾರ ಶುರುಮಾಡಿದ್ದು, ಈಗ ತಂಡದವರೆಲ್ಲ ಹಾಗೇ ಇಟ್ಟುಕೊಂಡಿದ್ದಾರೆ. ಮೂರು ಕಾಲಮ್: ಯುಟಿಸಿ, ನ್ಯೂಯಾರ್ಕ್, ಬಳ್ಳಾರಿ. ನವೆಂಬರ್ 1ರ ಪುಟ ಆಗಲೇ ಬರೆದಾಗಿದೆ. 05:00, ಅಧಿಕ ಒಂದು ಗಂಟೆ, ಹತ್ತೂವರೆ. 06:00, ನಿಜ ಒಂದು ಗಂಟೆ, ಹನ್ನೊಂದೂವರೆ. 07:00, ಎರಡು ಗಂಟೆ, ಹನ್ನೆರಡೂವರೆ. ಒಂದೂವರೆಯ ಜಾಬ್‌ಗಳು ನಿಜದಲ್ಲಿ ಮಾತ್ರ ಓಡುವಂತೆ ಹೊಂದಿಸಿ, ಪರೀಕ್ಷೆಯ ಎಲ್‌ಪಾರ್‌ನಲ್ಲಿ ಗಡಿಯಾರ ತಿರುವಿ ಎರಡು ಸಲ ನೋಡಿದ್ದೇವೆ. ಹನ್ನೆರಡೂವರೆಗೆ ಎಕ್ಸೆಪ್ಶನ್ ಫೈಲ್ ತೆರೆಯುವವಳು ಅವಳೇ, ಅದಕ್ಕೆ ಅರ್ಧ ತಾಸು ಇಟ್ಟುಕೊಂಡಿದ್ದೇವೆ. ಈ ಸಲ ಒಂದು ಗಂಟೆಗೆ ಎಲೆ ಹಾಕು ಅಂತ ಅವ್ವನಿಗೆ ಹೇಳಿದ್ದೇನೆ.